ಇನ್ನೂ ಓಡುತ್ತಿರುವ ಮಿಡತೆಗಳು

ಜನವರಿ 11

ಪ್ರೀತಿಯ ತಂಗಿಗೆ,

ಅಣ್ಣನ ಆಶೀರ್ವಾದ. ಹೊಸ ವರ್ಷದ ಕಾರ್ಡು ಬಿಟ್ಟರೆ ನಾನು ನಿನಗೆ ಕಾಗದ ಬರೆದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬೇಡ. ಲಕೋಟೆಯ ದಪ್ಪ ನೋಡಿ ಯಾರಿಗೋ ಏನೋ ಆಯಿತೆಂದು ಗಾಬರಿಯಾಗಿದ್ದರೆ, ಏನೂ ಆಗಿಲ್ಲ. ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ಅವಳ ಮೊಣಕಾಲು ಮಾತ್ರ ಎಂದಿನಂತೆ ಮುನಿಸಿಕೊಂಡಿದೆ.

ನಾನು ನಿವೃತ್ತನಾಗಿ ಎಂಟು ತಿಂಗಳಾಯಿತು. ಮೊದಲು ಗಾಡಿಯ ಕಾರ್ಖಾನೆ, ಅದು ಮುಚ್ಚಿದ ಮೇಲೆ ತೂಕದ ಯಂತ್ರಗಳ ಕಂಪನಿ. ಎರಡರಲ್ಲೂ ನನ್ನ ಕೆಲಸ ಒಂದೇ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಈಗ ತಪ್ಪು ಹುಡುಕಲು ಉಳಿದಿರುವುದು ಅಡುಗೆಮನೆ ಒಂದೇ. ಹೋದ ವಾರ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದೆ. ನಿನ್ನ ಅತ್ತಿಗೆ ಸೌಟು ಹಿಡಿದು ನಿಂತು, "ನಿಮಗೆ ಕೈ ಹಾಕೋಕೆ ಬೇರೆ ಏನೂ ಸಿಗಲಿಲ್ವಾ?" ಎಂದಳು. ಅವಳ ತಲೆ ತಿನ್ನುವುದು ಬಿಟ್ಟು ಬೇರೆ ಕೆಲಸ ಹುಡುಕಿಕೊಂಡಿದ್ದೇನೆ. ಅದಕ್ಕೆ ನಿನ್ನ ಸಹಾಯ ಬೇಕು.

ನಮ್ಮ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಪುಟ್ಟ ಗಾಡಿ ನಿನಗೆ ನೆನಪಿರುತ್ತದೆ. ಕ್ಯಾನ್ವಾಸಿನ ಚಾವಣಿ, ನಾಲ್ಕು ಚಕ್ರಕ್ಕೂ ಶಕ್ತಿ, ಹಳ್ಳವೋ ದಿಣ್ಣೆಯೋ ನೋಡದೆ ಹಾರಿಕೊಂಡು ಹೋಗುತ್ತಿತ್ತು. ಕಂಪನಿ ಇಟ್ಟ ಹೆಸರು ಉದ್ದವಿತ್ತು. ನಾವು ಕೆಲಸಗಾರರು ಅದನ್ನು ಮಿಡತೆ ಎನ್ನುತ್ತಿದ್ದೆವು, ಕೊನೆಗೆ ಊರೆಲ್ಲ ಹಾಗೆಯೇ ಕರೆಯಿತು. ಆರು ವರ್ಷದಲ್ಲಿ ಮೂವತ್ತು ಸಾವಿರ ಮಿಡತೆ ಹೊರಗೆ ಹೋದವು. ಈಗ ರಸ್ತೆಯಲ್ಲಿ ಅಪರೂಪಕ್ಕೊಂದು ಕಾಣುತ್ತದೆ. ಇನ್ನೂ ಎಷ್ಟು ಓಡುತ್ತಿವೆ ಎಂದು ತಿಳಿಯುವ ಹುಚ್ಚು ನನಗೆ ಹತ್ತಿದೆ. ಕೆಲಸವಿಲ್ಲದವನ ಹುಚ್ಚು ಎಂದೇ ಇಟ್ಟುಕೋ.

ನೀನು ವಾಹನ ನೋಂದಣಿ ಕಚೇರಿಯಲ್ಲಿದ್ದೀಯ. ಒಟ್ಟು ಸಂಖ್ಯೆ ಸಿಕ್ಕರೆ ಸಂತೋಷ. ಅದು ಕಷ್ಟವಾದರೆ ಚಾಸಿ ನಂಬರ್ 14,301ರಿಂದ 14,540ರವರೆಗಿನ ಇನ್ನೂರ ನಲವತ್ತು ಗಾಡಿಗಳ ವಿವರ ಸಾಕು. ಸಾಧ್ಯವಾದರೆ ಮಾಲೀಕರ ವಿಳಾಸವೂ ಬೇಕು.

ಡಾಕ್ಟ್ರು ಹೇಗಿದ್ದಾರೆ ಎಂದು ಕೇಳಬೇಕೋ ಬೇಡವೋ ತಿಳಿಯುವುದಿಲ್ಲ. ನಿನಗೆ ಗೊತ್ತಿದ್ದರೆ ಒಂದು ಸಾಲು ಬರೆ.

ನಿನ್ನ ಅಣ್ಣ

*

ಫೆಬ್ರವರಿ 2

ಅಣ್ಣನಿಗೆ ನಮಸ್ಕಾರ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಉದ್ದದ ಕಾಗದ. ಅದರಲ್ಲಿ ನೀನು ಕೇಳಿದ್ದು ಆ ಗಾಡಿಯ ವಿಷಯ. ಓದಿ ಮಡಚಿ ಮೇಜಿನ ಡ್ರಾಯರಿಗೆ ಹಾಕಿದೆ. ನಾಲ್ಕು ದಿನ ತೆಗೆಯಲಿಲ್ಲ. ಅಮ್ಮ ಯಾವ ಗಾಡಿಯಲ್ಲಿ ಪ್ರಾಣ ಬಿಟ್ಟಳೆಂಬುದು ನಿನಗೆ ಮರೆತಿರಲಾರದು. ಕೇಳಲು ನಾನೇ ಬೇಕಿತ್ತೇ ಎಂದು ಸಿಟ್ಟು ಬಂತು. ಆಮೇಲೆ, ಒಡಹುಟ್ಟಿದವರು ಎಂದು ಉಳಿದಿರುವುದು ನಾವಿಬ್ಬರೇ, ಇವನಾದರೂ ಯಾರನ್ನು ಕೇಳಿಯಾನು ಎನ್ನಿಸಿತು.

ಎಲ್ಲ ಶಾಖೆಗಳಿಗೂ ಬರೆದು ಸಂಖ್ಯೆ ತರಿಸಿದೆ. ಪಟ್ಟಿಯ ಪ್ರಕಾರ ಬದುಕಿರುವ ಮಿಡತೆ 1,906. ಇದನ್ನು ನಂಬಬೇಡ. ನಮ್ಮ ಕಚೇರಿಯಲ್ಲಿ ಗಾಡಿ ಹುಟ್ಟಿದ್ದನ್ನು ಬರೆಸಲು ಜನ ಸಾಲು ನಿಲ್ಲುತ್ತಾರೆ, ಸತ್ತದ್ದನ್ನು ಬರೆಸಲು ಯಾರೂ ಬರುವುದಿಲ್ಲ. ಗುಜರಿಗೆ ಹೋಗಿ ಕಡಾಯಿಯೋ ಬಕೆಟ್ಟೋ ಆಗಿರುವ ಗಾಡಿ ನಮ್ಮ ಕಡತದಲ್ಲಿ ಇನ್ನೂ ಭರ್ರೆಂದು ಓಡುತ್ತಿರುತ್ತದೆ. ನಿಜವಾದ ಲೆಕ್ಕ ಬೇಕಿದ್ದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಮನೆ ಮನೆಗೆ ಹೋಗಿ ನೋಡಬೇಕು.

ನೀನು ಕೇಳಿದ ಇನ್ನೂರ ನಲವತ್ತರಲ್ಲಿ 179 ರದ್ದಾಗಿವೆ. ಉಳಿದ ಅರವತ್ತೊಂದರ ವಿಳಾಸ ಈ ಕಾಗದದ ಹಿಂದೆ ಇದೆ. ಹೊರಗಿನವರಿಗೆ ವಿಳಾಸ ಕೊಡುವಂತಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ನಿಯಮ ಮುರಿದಿದ್ದೇನೆ, ನಿನ್ನ ಬಾಯಿ ಭದ್ರವಾಗಿರಲಿ. ಮೂವತ್ತು ಸಾವಿರದಲ್ಲಿ ಈ ಇನ್ನೂರ ನಲವತ್ತರ ಮೇಲೇ ಯಾಕೆ ಕಣ್ಣು ಎಂಬುದನ್ನು ನೀನು ಬರೆದಿಲ್ಲ.

ನನ್ನ ಗಂಡನಾಗಿದ್ದ ಆ ಮನುಷ್ಯ ಹೇಗಿದ್ದಾರೆಂದು ನನಗೆ ಗೊತ್ತಿಲ್ಲ. ದನದ ಡಾಕ್ಟರಿಕೆ ಬಿಟ್ಟು ಈಗ ದನಕರುಗಳ ಔಷಧಿ ಮಾರುವ ಅಂಗಡಿಯಲ್ಲಿ ಕೂರುತ್ತಾರೆ, ಅದರ ಮೇಲಿನ ಕೋಣೆಯಲ್ಲಿ ಇರುತ್ತಾರೆ. ಆ ರಸ್ತೆಯಲ್ಲಿ ನಾನು ಓಡಾಡುವುದಿಲ್ಲ.

ಅತ್ತಿಗೆಯ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಚೀಟಿ ಅಂಟಿಸುವುದಕ್ಕಿಂತ ಅದು ಉಪಯೋಗದ ಕೆಲಸ.

ತಂಗಿ

*

ಮಾರ್ಚ್ 15

ಪ್ರೀತಿಯ ತಂಗಿಗೆ,

ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಒಂದೂವರೆ ತಿಂಗಳಲ್ಲಿ ಮೂವತ್ತೆಂಟು ವಿಳಾಸ ಮುಗಿಸಿದೆ. ಬಸ್ಸಿನ ಕಂಡಕ್ಟರುಗಳೆಲ್ಲ ನನಗೆ ನೆಂಟರಾಗಿಬಿಟ್ಟಿದ್ದಾರೆ. ಮೂವತ್ತೆಂಟರಲ್ಲಿ ಇಪ್ಪತ್ತೆರಡು ಮಿಡತೆಗಳು ನಿನ್ನ ಕಡತದಲ್ಲಿ ಮಾತ್ರ ಬದುಕಿವೆ.

ಒಂದರೊಳಗೆ ಕೋಳಿಗಳಿವೆ. ಸ್ಟೀರಿಂಗ್ ಮೇಲೆ ಹುಂಜ ಕೂತಿತ್ತು, ನನ್ನನ್ನು ಹತ್ತಿರ ಬಿಡಲಿಲ್ಲ. ಇನ್ನೊಂದು ಕಡೆ ಅಣ್ಣತಮ್ಮಂದಿರು ಆಸ್ತಿ ಪಾಲಾಗುವಾಗ ಹಟ ಹಿಡಿದು ಗಾಡಿಯನ್ನೂ ಕೊಯ್ದು ಹಂಚಿಕೊಂಡಿದ್ದಾರೆ. ಮುಂದಿನ ಅರ್ಧ ಅಣ್ಣನ ಅಂಗಳದಲ್ಲಿ, ಹಿಂದಿನ ಅರ್ಧ ತಮ್ಮನ ಕೊಟ್ಟಿಗೆಯಲ್ಲಿ. ನಾನು ಮುಂದಿನ ಅರ್ಧವನ್ನಷ್ಟೇ ನೋಡಿ ಹೊರಟದ್ದಕ್ಕೆ ತಮ್ಮನಿಗೆ ಬಹಳ ಬೇಜಾರಾಯಿತು. "ನಮ್ಮ ಭಾಗದಲ್ಲಿ ಏನು ಕಮ್ಮಿ ಇದೆ, ಸ್ವಾಮಿ?" ಎಂದು ಗೇಟಿನವರೆಗೆ ಹಿಂದೆಯೇ ಬಂದ.

ಹದಿನಾರು ಮಾತ್ರ ನಿಜವಾಗಿ ಓಡುತ್ತಿವೆ. ಮಾಲೀಕರಿಗೆ ಅವುಗಳ ಮೇಲೆ ಎಲ್ಲಿಲ್ಲದ ಪ್ರೀತಿ. ನಾನು ಕೈಯಲ್ಲಿ ಟಾರ್ಚು ಹಿಡಿದು, "ಒಂದೈದು ನಿಮಿಷ ಗಾಡಿ ಕೆಳಗೆ ಮಲಗಿ ನೋಡಬಹುದಾ?" ಎಂದು ಕೇಳಿದರೆ ಮೊದಲು ಅನುಮಾನದಿಂದ ನೋಡುತ್ತಾರೆ, ಆಮೇಲೆ ಚಾಪೆ ತಂದು ಹಾಸುತ್ತಾರೆ. ಈ ವಯಸ್ಸಿನಲ್ಲಿ ಮಲಗುವುದು ಸುಲಭ, ಏಳುವಾಗ ಇಬ್ಬರು ಬೇಕು.

ಆ ಇನ್ನೂರ ನಲವತ್ತೇ ಯಾಕೆ ಎಂದು ಕೇಳಿದ್ದೀಯ. ಅವು ನಾನು ತಪಾಸಣೆ ಮಾಡಿ ಕಳಿಸಿದವು. ಕೈಯಾರೆ ಕಳಿಸಿದ್ದರ ಮೇಲೆ ಮಮತೆ, ಅಷ್ಟೆ.

ಉಳಿದ ಇಪ್ಪತ್ತಮೂರು ದೂರದ ಊರುಗಳಲ್ಲಿವೆ. ಬಿಸಿಲು ಏರುವ ಮೊದಲು ಮುಗಿಸಬೇಕೆಂದಿದ್ದೇನೆ.

ನಿನ್ನ ಅಣ್ಣ

*

ಏಪ್ರಿಲ್ 3

ಅಣ್ಣನಿಗೆ,

ನಮ್ಮ ಕಚೇರಿಗೆ ಒಂದು ಧನ್ಯವಾದದ ಪತ್ರ ಬಂದಿದೆ. ಇಂಥದ್ದು ನಮಗೆ ಬರುವುದೇ ಇಲ್ಲವಾದ್ದರಿಂದ ಇಡೀ ವಿಭಾಗ ಸುತ್ತಿ ನನ್ನ ಮೇಜಿಗೆ ಬಂತು. ಬರೆದವರು ಹೂವಿನ ಸಸಿಗಳನ್ನು ಬೆಳೆದು ಮಾರುವ ಒಬ್ಬ ಹೆಂಗಸು. ಅವರ ಹತ್ತಿರ ಒಂದು ಮಿಡತೆ ಇದೆ, ನಿನ್ನನ್ನು ನಮ್ಮ ಕಚೇರಿಯೇ ಕಳಿಸಿತೆಂದು ತಿಳಿದಿದ್ದಾರೆ. ಅವರ ಮಾತನ್ನೇ ಬರೆಯುತ್ತೇನೆ: "ನೀವು ಕಳಿಸಿದ ಹಿರಿಯರು ನನ್ನ ಗಾಡಿಯ ಕೆಳಗೆ ಮಲಗಿ ನೋಡಿದರು. ಸ್ಟೀರಿಂಗಿನ ನಟ್ಟಿಗೆ ಪಿನ್ನೇ ಇಲ್ಲ ಎಂದು ಹೇಳಿ, ತಮ್ಮ ಜೇಬಿನಿಂದ ತೆಗೆದು ಹಾಕಿಕೊಟ್ಟರು. ಆಮೇಲೆ ಸಸಿಗಳ ನಡುವೆ ನೆಲದ ಮೇಲೆ ಕೂತು ಅತ್ತರು. ನೀರು ಕೊಟ್ಟೆ. ಯಾಕೆಂದು ಕೇಳಿದರೆ ಹೇಳಲಿಲ್ಲ. ಅವರಿಗೆ ಆರೋಗ್ಯ ಸರಿಯಿದೆಯೇ ವಿಚಾರಿಸಿ."

ನೀನು ಕೋಳಿಗಳ ಬಗ್ಗೆ ಬರೆದೆ, ಹುಂಜದ ಬಗ್ಗೆ ಬರೆದೆ. ಇದನ್ನು ಬರೆಯಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋಗದೆ ರದ್ದಾದ ಗಾಡಿಗಳ ಕಪಾಟು ತೆಗೆದೆ. ಅಮ್ಮ ಹೋದ ಗಾಡಿಯ ಕಡತ ಎಲ್ಲಿದೆಯೆಂದು ನನಗೆ ಗೊತ್ತು. ಅದೇ ಕಪಾಟಿನ ಮುಂದೆ ಇಷ್ಟು ವರ್ಷ ಕೂತಿದ್ದೇನೆ, ಒಂದು ದಿನವೂ ಮುಟ್ಟಿರಲಿಲ್ಲ. ಚಾಸಿ ನಂಬರ್ 14,417.

ಅಣ್ಣ, ಆ ಗಾಡಿಯನ್ನು ನೋಡಿ ಬಾ ಎಂದು ನಾನೇ ನಿನ್ನನ್ನು ಪೊಲೀಸರ ಹತ್ತಿರ ಕಳಿಸಿದ್ದೆ. ಆ ಮನುಷ್ಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, "ಸ್ಟೀರಿಂಗ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದರು. ಬೇರೆ ಮಾತೇ ಇರಲಿಲ್ಲ. ನೀನು ನೋಡಿ ಬಂದು, ಗಾಡಿಯಲ್ಲಿ ದೋಷವಿಲ್ಲ ಎಂದೆ. ನಾನು ಅವರ ಮುಖದ ಮೇಲೆ, "ನಮ್ಮಣ್ಣನಿಗಿಂತ ನಿಮಗೆ ಗೊತ್ತಾ?" ಎಂದೆ. ಅವತ್ತಿನ ನಂತರ ಅವರು ಆ ಮಾತನ್ನು ಆಡಲಿಲ್ಲ. ಒಂದು ತಿಂಗಳ ಮೇಲೆ ಎರಡು ಪೆಟ್ಟಿಗೆ ತೆಗೆದುಕೊಂಡು ಮನೆ ಬಿಟ್ಟು ಹೋದರು. ನಾನು ತಡೆಯಲಿಲ್ಲ.

ಪಿನ್ ಏನು, ಅದು ಯಾಕಿರಲಿಲ್ಲ, ನಿನ್ನ ಜೇಬಿನಲ್ಲಿ ಅದು ಯಾಕೆ ಇರುತ್ತದೆ, ಬರೆ. ತಮಾಷೆ ಬೇಡ.

ತಂಗಿ

*

ಮೇ 4

ತಂಗಿಗೆ,

ಬರೆಯುತ್ತೇನೆ. ಇದುವರೆಗೆ ಆರು ಸಲ ಬರೆದು ಹರಿದಿದ್ದೇನೆ. ನಿನ್ನ ಅತ್ತಿಗೆ ಕಸದ ಬುಟ್ಟಿ ನೋಡಿ, "ಯಾರಿಗೆ ಇಷ್ಟೊಂದು ಕಾಗದ?" ಎಂದಳು. ಅವಳಿಗೂ ಗೊತ್ತಿಲ್ಲ. ಮೊದಲು ಅವಳಿಗೆ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತೇನೆ, ಆಮೇಲೆ ನಿನಗೆ.

ಅಣ್ಣ

*

ಜೂನ್ 9

ತಂಗಿಗೆ,

ಇದನ್ನು ಒಂದೇ ಸಲಕ್ಕೆ ಬರೆಯುತ್ತಿದ್ದೇನೆ. ಮತ್ತೆ ಓದದೆ ಅಂಚೆಗೆ ಹಾಕುತ್ತೇನೆ. ಓದಿದರೆ ಹರಿಯುತ್ತೇನೆ.

ಚಕ್ರ ತಿರುಗಿಸುವ ರಾಡಿನ ತುದಿಯಲ್ಲಿ ಒಂದು ಬೋಲ್ಟು ಇರುತ್ತದೆ, ಅದಕ್ಕೊಂದು ನಟ್ಟು. ಗಾಡಿಯ ಅಲುಗಾಟಕ್ಕೆ ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಬೋಲ್ಟಿನ ತೂತಿಗೆ ಅಡ್ಡಲಾಗಿ ಒಂದು ಪಿನ್ ತೂರಿಸಿ ಎರಡೂ ತುದಿ ಬಗ್ಗಿಸುತ್ತಾರೆ. ಹೇರ್‌ಪಿನ್ನಿನಷ್ಟೇ ಇರುತ್ತದೆ ಅದು. ಫಿಟ್ಟರ್ ನಟ್ಟು ಬಿಗಿದು ಪಿನ್ ಹಾಕಬೇಕು. ನಾನು ಕೆಳಗೆ ಬಗ್ಗಿ ನೋಡಿ, ಕೈಯಿಂದ ಅಲ್ಲಾಡಿಸಿ, ಸರಿಯಿದ್ದರೆ ನಟ್ಟಿನ ಮೇಲೆ ಹಳದಿ ಬಣ್ಣದ ಒಂದು ಚುಕ್ಕೆ ಇಡಬೇಕು. ಚುಕ್ಕೆ ಬಿದ್ದ ನಟ್ಟನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಚುಕ್ಕೆ ಎಂದರೆ ನನ್ನ ಮಾತು.

ಅಮ್ಮ ಹೋಗುವ ಮೂರು ವರ್ಷ ಮೊದಲು ನಮ್ಮ ಕ್ಯಾಂಟೀನಿನಲ್ಲಿ ಟೇಬಲ್ ಟೆನಿಸ್ ಪಂದ್ಯ ನಡೆಯಿತು. ನಾನು ಚೆನ್ನಾಗಿ ಆಡುತ್ತಿದ್ದೆ, ನಿನಗೆ ಗೊತ್ತು. ಅಭ್ಯಾಸಕ್ಕೆ ಸಮಯ ಸಾಲುತ್ತಿರಲಿಲ್ಲ. ಒಂದೊಂದು ಗಾಡಿಯ ಕೆಳಗೂ ಬಗ್ಗಿ ಚುಕ್ಕೆ ಇಡುವುದರ ಬದಲು ಬೆಳಿಗ್ಗೆಯೇ ಟ್ರೇಯಲ್ಲಿದ್ದ ನಟ್ಟುಗಳಿಗೆಲ್ಲ ಒಟ್ಟಿಗೆ ಚುಕ್ಕೆ ಇಟ್ಟುಬಿಟ್ಟರೆ ಊಟದ ಹೊತ್ತಿಗೆ ಹತ್ತು ಹದಿನೈದು ನಿಮಿಷ ಉಳಿಯುತ್ತದೆ ಎಂದು ನನ್ನ ತಲೆಗೆ ಹೊಳೆಯಿತು. ಬಗ್ಗಿ ನೋಡುವುದನ್ನಂತೂ ಬಿಡುವುದಿಲ್ಲ, ಚುಕ್ಕೆಯಷ್ಟೇ ಮೊದಲು, ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ದಿನ ನೋಡಿದೆ. ಮೂರನೆಯ ದಿನದಿಂದ ಚುಕ್ಕೆ ಕಂಡರೆ ಸಾಕು ಎಂದು ಮುಂದಕ್ಕೆ ಬಿಟ್ಟೆ. ಫಿಟ್ಟರಿಗೂ ಹಾಗೇ ಆಗಿರಬೇಕು. ಕೆಲವು ಗಾಡಿಗಳಲ್ಲಿ ನಟ್ಟು ಬಿಗಿದು ಬೇರೆ ಕಡೆ ಹೋಗಿ ಬಂದಾಗ ಅವನು ಚುಕ್ಕೆ ನೋಡಿ ಪಿನ್ ಹಾಕಿಯಾಗಿದೆ ಎಂದುಕೊಂಡ, ನಾನು ಚುಕ್ಕೆ ನೋಡಿ ಎಲ್ಲ ಸರಿಯಿದೆ ಎಂದುಕೊಂಡೆ. ಹನ್ನೊಂದು ದಿನ, ಇನ್ನೂರ ನಲವತ್ತು ಗಾಡಿ. ಪಂದ್ಯ ಮುಗಿಯಿತು, ನಾನು ಮತ್ತೆ ಮೊದಲಿನಂತೆ ಕೆಲಸ ಮಾಡಿದೆ. ನನಗೆ ಬಂದದ್ದು ಎರಡನೇ ಬಹುಮಾನ.

ಡಾಕ್ಟ್ರು ಹಳ್ಳಿಗಳ ಮೇಲೆ ಓಡಾಡಲು ಮಿಡತೆ ಕೊಳ್ಳುತ್ತೇನೆಂದಾಗ ನಾನೇ ನಿಂತು ಕೊಡಿಸಿದೆ. ನಂಬರ್ ನೋಡಬೇಕೆಂದು ಹೊಳೆಯಲೇ ಇಲ್ಲ. ಪಂದ್ಯದ ಜೊತೆಗೇ ಅದನ್ನು ಮರೆತಿದ್ದೆ.

ಈಗ ಆ ದಿನದ ವಿಷಯ. ಪೊಲೀಸ್ ಠಾಣೆಯ ಹಿಂದಿನ ಬಯಲಿನಲ್ಲಿ ಗಾಡಿ ತಂದು ಹಾಕಿದ್ದರು. ಹಿಂದಿನ ಸೀಟಿನ ಮೇಲೆ ಅಮ್ಮನ ಹೊಸ ಕನ್ನಡಕದ ಡಬ್ಬಿ ಇತ್ತು. ನಾನು ಕೆಳಗೆ ಮಲಗಿ ಟಾರ್ಚು ಬಿಟ್ಟೆ. ಎಡಗಡೆಯ ರಾಡು ನೇತಾಡುತ್ತಿತ್ತು. ನಟ್ಟು ಇರಲಿಲ್ಲ. ಬೋಲ್ಟಿನ ತೂತಿನ ಒಳಗೆ ಕಾರ್ಖಾನೆಯ ಬಣ್ಣ ಹಾಗೆಯೇ ಇತ್ತು. ಪಿನ್ ಒಂದು ದಿನವಾದರೂ ಅದರೊಳಗೆ ಹೋಗಿದ್ದರೆ ಆ ಬಣ್ಣ ಕಿತ್ತಿರಬೇಕಿತ್ತು. ಮೂರು ವರ್ಷ ಆ ನಟ್ಟು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಳ್ಳುತ್ತ ಬಂದು, ಆ ಇಳಿಜಾರಿನ ತಿರುವಿನಲ್ಲಿ ಕಳಚಿ ಬಿದ್ದಿದೆ. ಚಾಸಿ ನಂಬರ್ ಓದಿದೆ. ನಾನು ಗಾಡಿಯ ಕೆಳಗೇ ಬಹಳ ಹೊತ್ತು ಮಲಗಿದ್ದೆ. ಪೊಲೀಸಿನವನು ನನ್ನ ಕಾಲು ತಟ್ಟಿ, "ಏನ್ರೀ, ಏನಾದ್ರೂ ಸಿಕ್ತಾ?" ಎಂದ.

"ಏನಿಲ್ಲ. ಬಿದ್ದ ಏಟಿಗೆ ರಾಡು ಕಳಚಿದೆ," ಎಂದೆ.

ಮೊದಲು ಯೋಚಿಸಿ ಹೇಳಿದ ಸುಳ್ಳಲ್ಲ ಅದು, ತಾನಾಗಿ ಬಾಯಿಗೆ ಬಂತು. ಆಸ್ಪತ್ರೆಗೆ ನಡೆದು ಬರುವಾಗ, ನಾಳೆ ನಿಜ ಹೇಳಿದರಾಯಿತು ಎಂದುಕೊಂಡೆ. ನೀನು ಮೆಟ್ಟಿಲ ಮೇಲೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದೆ. ನಿನ್ನ ಹಿಂದೆ ಡಾಕ್ಟ್ರು ಹಣೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರಿಗೆ ನನ್ನ ಮೇಲೆ ನಂಬಿಕೆ ಇತ್ತು. ಈತ ನೋಡಿ ಬಂದಿದ್ದಾನೆ, ಈಗ ಎಲ್ಲರಿಗೂ ನಿಜ ತಿಳಿಯುತ್ತದೆ ಎಂಬ ನಂಬಿಕೆ. ನಾನು ಅದೇ ಸುಳ್ಳನ್ನು ನಿಮ್ಮಿಬ್ಬರ ಮುಂದೆ ಮತ್ತೊಮ್ಮೆ ಹೇಳಿದೆ. ನೌಕರಿ ಹೋದೀತು, ಜೈಲಾದೀತು ಎಂಬ ಭಯ ಇದ್ದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಅಮ್ಮನನ್ನು ಕೊಂದವನು ನಾನು ಎಂದು ನಿನ್ನ ಬಾಯಲ್ಲಿ ಕೇಳುವ ಧೈರ್ಯ ಇರಲಿಲ್ಲ. ನಾನು ಕೇಳಬೇಕಾದ ಮಾತನ್ನು ಹತ್ತೊಂಬತ್ತು ವರ್ಷ ಅವರು ಕೇಳಿದರು.

ಇಷ್ಟು ದಿನ ಬಿಟ್ಟು ಈಗ ಯಾಕೆ ಎನ್ನುತ್ತೀಯ. ಹೋದ ಡಿಸೆಂಬರಿನಲ್ಲಿ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಇತ್ತು. ಒಂದು ಹಳೆಯ ಮಿಡತೆ ಸೇತುವೆಯ ಕಟ್ಟೆಗೆ ಗುದ್ದಿದೆ, ಓಡಿಸುತ್ತಿದ್ದ ಮೇಷ್ಟರಿಗೆ ಕಾಲು ಮುರಿದಿದೆ, ಅಜಾಗರೂಕತೆಯ ಚಾಲನೆ ಎಂದು ಕೇಸು ಹಾಕಿದ್ದಾರೆ. ಕೊನೆಯಲ್ಲಿ ಮೇಷ್ಟರು ಹೇಳಿದ ಮಾತು: "ಸ್ಟೀರಿಂಗ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ." ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡೆ. ಆ ಗಾಡಿ ನನ್ನ ಇನ್ನೂರ ನಲವತ್ತರಲ್ಲಿ ಒಂದಲ್ಲ ಎಂದು ಆಮೇಲೆ ತಿಳಿಯಿತು. ಆದರೂ ಕೂತಲ್ಲಿ ಕೂರಲಾಗಲಿಲ್ಲ.

ಅರವತ್ತೊಂದರಲ್ಲಿ ಐವತ್ತೇಳು ನೋಡಿದ್ದೇನೆ. ಇಪ್ಪತ್ತೊಂದು ಇನ್ನೂ ಓಡುತ್ತಿವೆ. ಅವುಗಳಲ್ಲಿ ಮೂರಕ್ಕೆ ಪಿನ್ ಇರಲಿಲ್ಲ. ಸಸಿ ಮಾರುವ ಆ ತಾಯಿಯ ಗಾಡಿ ಒಂದು. ತುಕ್ಕು ಹಿಡಿದು ನಟ್ಟು ಬೋಲ್ಟಿಗೆ ಕಚ್ಚಿಕೊಂಡಿತ್ತು, ಅದರ ಮೇಲೆ ನನ್ನ ಹಳದಿ ಚುಕ್ಕೆ ಮಾಸದೆ ಹಾಗೆಯೇ ಇತ್ತು. ತುಕ್ಕು ಅವರನ್ನು ಇಷ್ಟು ವರ್ಷ ಕಾಪಾಡಿದೆ. ಅವರು ಅದೇ ಗಾಡಿಯಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರಂತೆ. ಅದನ್ನು ಕೇಳಿದ ಮೇಲೆ ನನಗೆ ನಿಲ್ಲಲಾಗಲಿಲ್ಲ.

ಉಳಿದ ನಾಲ್ಕರ ಮಾಲೀಕರು ಊರು ಬಿಟ್ಟಿದ್ದಾರೆ, ಹುಡುಕುತ್ತಿದ್ದೇನೆ. ರದ್ದಾದ 179ರಲ್ಲಿ ಎಷ್ಟು ಹಳತಾಗಿ ಗುಜರಿಗೆ ಹೋದವು, ಎಷ್ಟು ಹೇಗೆ ಹೋದವು ಎಂದು ನಿನ್ನ ಕಪಾಟಿನಲ್ಲಿ ಬರೆದಿರುತ್ತದೆ. ಅದನ್ನು ಕೇಳುವ ಎದೆ ನನಗಿಲ್ಲ.

ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು, ಪೊಲೀಸರಿಗೂ ತೋರಿಸು. ನಾನು ಇಲ್ಲ ಎನ್ನುವುದಿಲ್ಲ.

ಅಣ್ಣ

*

ಆಗಸ್ಟ್ 1

ತಂಗಿಗೆ,

ಉತ್ತರ ಬೇಕೆಂದು ಬರೆಯುತ್ತಿಲ್ಲ. ಪೋಸ್ಟ್‌ಮನ್ನಿನ ಸೈಕಲ್ ಗಂಟೆ ಕೇಳಿದಾಗಲೆಲ್ಲ ನಿನ್ನ ಅತ್ತಿಗೆ ಬಾಗಿಲಿಗೆ ಹೋಗಿ ಬರುತ್ತಾಳೆ. ಎಲ್ಲ ತಿಳಿದ ಮೇಲೆ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ಊಟಕ್ಕೆ ಬಡಿಸುತ್ತಾಳೆ, ಎದುರಿಗೆ ಕೂರುವುದಿಲ್ಲ.

ನಾಲ್ಕರಲ್ಲಿ ಒಂದು ಸಿಕ್ಕಿತು. ಪಿನ್ ಇತ್ತು. ಉಳಿದದ್ದು ಮೂರು.

ಅಣ್ಣ

*

ಸೆಪ್ಟೆಂಬರ್ 14

ಅಣ್ಣನಿಗೆ,

ನಿನ್ನ ಜೂನ್ ತಿಂಗಳ ಕಾಗದ ಬಂದ ದಿನ ನಾನು ರಜೆ ಹಾಕಿದೆ. ಮರುದಿನ ಕಚೇರಿಗೆ ಹೋಗಿ ಆ ಕಪಾಟಿನ ಬೀಗ ತೆಗೆದೆ. ನೀನು ಕೇಳುವ ಎದೆಯಿಲ್ಲ ಎಂದದ್ದನ್ನು ನಾನೇ ಹೇಳುತ್ತೇನೆ, ನಿನಗೆ ಗೊತ್ತಿರಬೇಕು. ರದ್ದಾದ 179ರಲ್ಲಿ ಕಾರಣದ ಕಡೆ "ಅಪಘಾತ" ಎಂದು ಬರೆದಿರುವುದು ಏಳು, ಅಮ್ಮನದೂ ಸೇರಿ. ಉಳಿದ ಆರರಲ್ಲಿ ಯಾವುದು ರಸ್ತೆಯ ತಪ್ಪು, ಯಾವುದು ನಿನ್ನದು ಎಂದು ಈಗ ಯಾರೂ ಹೇಳಲಾರರು. ಆ ಆರು ಮನೆಗಳಲ್ಲೂ ಒಬ್ಬರು ಬೈಸಿಕೊಂಡು ಕೂತಿರಬಹುದು.

ನಿನ್ನ ಮೇಲೆ ಬಂದ ಸಿಟ್ಟನ್ನು ಬರೆಯಲು ಹೋಗುವುದಿಲ್ಲ. ಅದಕ್ಕೆ ಕಾಗದ ಸಾಲದು.

ಮೂರು ತಿಂಗಳು ನಾನು ಸುಮ್ಮನಿದ್ದದ್ದು ಸಿಟ್ಟಿನಿಂದ ಮಾತ್ರವಲ್ಲ. ಆ ಕಾಗದ ಯಾರಿಗೆ ಸೇರಬೇಕೆಂದು ನನಗೆ ಮೊದಲ ದಿನವೇ ತಿಳಿದಿತ್ತು. ಅವರ ಮುಂದೆ ಹೋಗಿ ನಿಲ್ಲಲು ಮುಖವಿರಲಿಲ್ಲ. ಹೋದ ಭಾನುವಾರ ಹೋದೆ. ಆ ರಸ್ತೆಯಲ್ಲಿ ಔಷಧಿಯ ಅಂಗಡಿ ಮುಚ್ಚಿತ್ತು, ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು. ಬಾಗಿಲು ತೆರೆದೇ ಇತ್ತು. ಒಂದು ಮಂಚ, ಒಂದು ಒಲೆ, ಗೋಡೆಗೆ ಒರಗಿಸಿದ ಛತ್ರಿ. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದು ನಿಂತರು. "ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದರು. ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಮಂಚದ ಮೇಲಿಟ್ಟು, ಕೂತುಕೋ ಎಂದರು.

ನಾನು ನಿನ್ನ ಕಾಗದ ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ನಿಂತು ಓದಿದರು. ಓದಿ ಮುಗಿಸಿ ಮೊದಲಿನಿಂದ ಮತ್ತೊಮ್ಮೆ ಓದಿದರು. ಅವರು ಅಳುತ್ತಾರೆ, ನನ್ನ ಮೇಲೆ ಕೂಗಾಡುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ಎಲ್ಲದಕ್ಕೂ ನಾನು ಸಿದ್ಧವಾಗಿದ್ದೆ. ಅವರು ಕಾಗದವನ್ನು ಅದರ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ವಾಪಸು ಕೊಟ್ಟರು.

"ನಿಮ್ಮಣ್ಣ ಒಳ್ಳೆಯವರು," ಎಂದರು.

ನನಗೆ ಅರ್ಥವಾಗಲಿಲ್ಲ. "ಓದಿದ್ರಾ ಸರಿಯಾಗಿ?" ಎಂದೆ.

"ಓದಿದೆ. ನನಗೂ ವಯಸ್ಸಾಯ್ತಲ್ಲ, ಇವರು ಇನ್ನಾದ್ರೂ ನೆಮ್ಮದಿಯಿಂದ ಇರ್ಲಿ ಅಂತ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡು ಬರೆದಿದ್ದಾರೆ. ಅಷ್ಟು ದೊಡ್ಡ ಮನಸ್ಸು ಯಾರಿಗೆ ಬರುತ್ತೆ? ಆದ್ರೆ ಇದೆಲ್ಲ ನಿಜ ಅಲ್ಲ."

"ನಿಜ ಅಲ್ದೆ ಏನು? ಅವತ್ತು ನೀವೇ ಹೇಳಿದ್ರಲ್ಲ, ತಿರುಗಿಸಿದೆ, ತಿರುಗಲಿಲ್ಲ ಅಂತ. ನಾವ್ಯಾರೂ ನಂಬ್ಲಿಲ್ಲ."

"ಹೆದರಿಕೆಗೆ ಹಾಗಂದೆ. ಆ ಸ್ಥಿತಿಯಲ್ಲಿ ಯಾರಾದ್ರೂ ಹಾಗೇ ಹೇಳ್ತಾರೆ. ನಾನು ಒಂದೇ ಕೈಯಲ್ಲಿ ಓಡಿಸ್ತಿದ್ದೆ. ಅಮ್ಮನಿಗೆ ಹೊಸ ಕನ್ನಡಕ ಬಂದಿತ್ತಲ್ಲ, ಅದು ನೋಡಿ, ಇದು ನೋಡಿ ಅಂತ ಇನ್ನೊಂದು ಕೈಯಲ್ಲಿ ತೋರಿಸ್ತಿದ್ದೆ. ತಿರುವು ಬಂದದ್ದು ಕಾಣ್ಲಿಲ್ಲ. ನನಗೆ ಚೆನ್ನಾಗಿ ನೆನಪಿದೆ."

ಅಣ್ಣ, ಅದು ಅವರ ನೆನಪಲ್ಲ, ನನ್ನ ಮಾತು. ನೀನು ಪೊಲೀಸರ ಹತ್ತಿರ ಹೋಗಿ ಬಂದ ದಿನ ಸಂಜೆ, ಆಸ್ಪತ್ರೆಯ ವರಾಂಡದಲ್ಲಿ, ಎಲ್ಲರೂ ಕೇಳುವಂತೆ ಅವರಿಗೆ ನಾನು ಹೇಳಿದ್ದೆ: "ಒಂದೇ ಕೈಯಲ್ಲಿ ಓಡಿಸಿರ್ತೀರಿ, ಅದು ನೋಡಿ ಇದು ನೋಡಿ ಅಂತ ಅಮ್ಮನಿಗೆ ತೋರಿಸ್ತಾ ಹೋಗಿರ್ತೀರಿ, ತಿರುವು ಕಂಡಿರಲ್ಲ." ನನಗೇನು ಗೊತ್ತಿತ್ತು? ನಾನು ಅಲ್ಲಿದ್ದೆನೇ? ಸಿಟ್ಟಿಗೆ ನಾನೇ ಕಟ್ಟಿದ್ದು ಅದು. ಅವರು ಅದನ್ನು ಹೊತ್ತುಕೊಂಡು ಹೋಗಿ ಆ ಕೋಣೆಯಲ್ಲಿ ದಿನವೂ ಒಬ್ಬರೇ ಕೂತು ಯೋಚಿಸಿ ಯೋಚಿಸಿ, ಈಗ ಕಣ್ಣಾರೆ ಕಂಡದ್ದನ್ನು ಹೇಳುವಂತೆ ಹೇಳುತ್ತಾರೆ.

"ಅದು ನಾನು ಅಂದದ್ದು," ಎಂದೆ. "ನಾನು ಸುಳ್ಳು ಕಟ್ಟಿ ಅಂದದ್ದು ಅದು."

"ನೀನು ಸರಿಯಾಗೇ ಅಂದೆ," ಎಂದು ಅವರೇ ನನಗೆ ಸಮಾಧಾನ ಹೇಳಿದರು. ಚಹಾ ಮಾಡಿಕೊಟ್ಟರು. ಬಿಸಿ ತಾಕೀತೆಂದು ಲೋಟದ ಕೆಳಗೆ ಒಂದು ತಟ್ಟೆ ಇಟ್ಟರು.

ನಾನು ಒಂದು ಗಂಟೆ ವಾದ ಮಾಡಿದೆ. ನಟ್ಟು, ಪಿನ್ನು, ಚುಕ್ಕೆ, ಎಲ್ಲ ಹೇಳಿದೆ. ನಾನು ಯಂತ್ರದ ವಿಷಯ ತಿಳಿದವಳಲ್ಲ, ನನ್ನ ಬಾಯಲ್ಲಿ ಅದು ಪಾಠ ಒಪ್ಪಿಸಿದಂತಿತ್ತು. ಅವರು ತಾಳ್ಮೆಯಿಂದ ಕೇಳಿದರು. ನಂಬಲಿಲ್ಲ. ಗಾಡಿ ಹೋಯಿತು, ಅಮ್ಮ ಹೋದಳು, ನಮ್ಮ ಸಂಸಾರ ಹೋಯಿತು. ಇಷ್ಟೆಲ್ಲ ಹೋದದ್ದಕ್ಕೆ ತಾನೇ ಕಾರಣ ಎಂದುಕೊಂಡೇ ಅವರು ಇಷ್ಟು ದಿನ ಬದುಕಿದ್ದಾರೆ. ಈಗ ಅದಲ್ಲ ಎಂದರೆ ಅವರು ಎಲ್ಲಿಗೆ ಹೋಗಬೇಕು?

ಉಳಿದ ಮೂರು ಗಾಡಿಗಳನ್ನು ನನಗೆ ಬಿಡು. ಮಾಲೀಕರ ಹೊಸ ವಿಳಾಸ ಪತ್ತೆ ಮಾಡುವುದು ನನ್ನ ಕೈಯಲ್ಲಿದೆ. ಪಿನ್ ಹಾಕಲು ಯಾವ ಮೆಕ್ಯಾನಿಕ್ಕಾದರೂ ಆದೀತು. ನೀನು ಬಂದು ಮಾಡಬೇಕಾದ ಕೆಲಸ ಇಲ್ಲಿದೆ. ಅದನ್ನು ನನ್ನಿಂದ ಮಾಡಲಾಗಲಿಲ್ಲ.

ಕ್ಷಮೆ ಕೇಳಲು ಬರಬೇಡ, ಅದು ಸದ್ಯಕ್ಕೆ ನನ್ನ ಹತ್ತಿರ ಇಲ್ಲ. ಅವರೂ ಕೊಡಲಾರರು, ಯಾಕೆಂದರೆ ನೀನು ತಪ್ಪು ಮಾಡಿದ್ದೀಯ ಎಂದೇ ಅವರು ಒಪ್ಪುವುದಿಲ್ಲ. ಒಂದು ಬೋಲ್ಟು, ನಟ್ಟು, ಪಿನ್ನು ತೆಗೆದುಕೊಂಡು ಬಾ. ಅವರ ಎದುರು ಕೂತು ಕೈಯಲ್ಲಿ ಹಿಡಿದು ತೋರಿಸು. ಒಂದು ದಿನಕ್ಕೆ ನಂಬದಿದ್ದರೆ ಮರುದಿನ ಹೇಳು. ನನ್ನ ಮನೆಯಲ್ಲಿ ಇರು, ಎಷ್ಟು ದಿನವಾದರೂ ಇರು. ನಾನೂ ಪಕ್ಕದಲ್ಲಿ ಕೂರುತ್ತೇನೆ. ನನ್ನ ಪಾಲಿನದನ್ನೂ ನಾನು ಹೇಳಬೇಕು.

ನಾನು ಹೊರಟಾಗ ಅವರು ಮೆಟ್ಟಿಲ ತುದಿಯವರೆಗೆ ಬಂದರು. ಕೆಳಗಿಳಿದ ಮೇಲೆ ಕೂಗಿ ಹೇಳಿದರು: "ನಿಮ್ಮಣ್ಣನ ಮೇಲೆ ಕೋಪ ಮಾಡ್ಕೋಬೇಡ. ನನ್ನ ತಪ್ಪನ್ನ ಪಾಪ ಅವರ್ಯಾಕೆ ಹೊರಬೇಕು?"

ಶನಿವಾರದ ಬಸ್ಸಿಗೆ ಬಾ.

ತಂಗಿ